ಹೊಸ್ತಿಲ ಮೇಲಿನ ಸಮನ್ಸು

ನಮ್ಮಣ್ಣ ಸತ್ತದ್ದು ದಾಂಡೇಲಿಯ ಹತ್ತಿರ, ಒಬ್ಬ ಗುತ್ತಿಗೆದಾರನ ನಾಟಾ ರಾಶಿಯ ಬುಡದಲ್ಲಿ. ಮುಂಜಾನೆ ದಿಮ್ಮಿಗಳು ಉರುಳಿ ಮೈಮೇಲೆ ಬಿದ್ದಿದ್ದವು. ನಾನಾಗ ಕಾಗದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದೆ. ಹೆಣ ಮನೆಗೆ ಬರುವ ಮೊದಲೇ ಗುತ್ತಿಗೆದಾರ ಮಾತು ಹಬ್ಬಿಸಿಬಿಟ್ಟಿದ್ದ: ಅವನು ನನ್ನ ಆಳೇ ಅಲ್ಲ, ಕಟ್ಟಿಗೆ ಕದಿಯಲು ಬಂದಿದ್ದ. ಅವ್ವನಿಗೆ ಬೇರೇನೂ ಬೇಕಿರಲಿಲ್ಲ. ತನ್ನ ಮಗ ಕೆಲಸ ಮಾಡುತ್ತಲೇ ಸತ್ತ ಎಂದು ಆ ಮನುಷ್ಯ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಸರಕಾರದ ಕಾರ್ಮಿಕ ಅಧಿಕಾರಿ ವಿಚಾರಣೆ ಇಟ್ಟು, ಬಂದು ಸಾಕ್ಷಿ ಹೇಳು ಎಂದು ಗುತ್ತಿಗೆದಾರನಿಗೆ ಸಮನ್ಸು ಕಳಿಸಿದರು. ಅವನು ಬರಲಿಲ್ಲ. ಅವನನ್ನು ಬರುವಂತೆ ಮಾಡಿ ಎಂದು ಸರಕಾರವೇ ಹಳಿಯಾಳದ ಕೋರ್ಟಿಗೆ ಹೋಯಿತು. ಸರಕಾರ ನಮ್ಮ ಬೆನ್ನಿಗಿದೆ ಎಂದು ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಎಂಥ ಹುಚ್ಚು!

ಕೋರ್ಟಿನಲ್ಲಿ ಅಪ್ಪನೇ ಸಾಕ್ಷಿ. ಸಮನ್ಸು ತಂದ ಜವಾನನಿಗೆ ಗುತ್ತಿಗೆದಾರನ ಮನೆ ತೋರಿಸಿದವನು ಅವನು. ಎದುರು ವಕೀಲರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು, "ಸಮನ್ಸ್ ಅವರ ಕೈಯಾಗ ಕೊಟ್ರೇನ್ರಿ ಯಜಮಾನ್ರ?"

"ಕೈಯಾಗ ಹೆಂಗ ಕೊಡೂದ್ರಿ? ಕೈಯಾಗ ಲಿಂಗ ಇತ್ತು. ಪೂಜಾಕ್ಕ ಕುಂತಿದ್ರು."

"ಮತ್ತ?"

"ಜವಾನ ಒಳಗ ಹೊಂಟಿದ್ದ, ನಾನ ತಡದೆ. ಪೂಜಿ ಮುಗೀಲಿ ತಡಿಯೋ ತಮ್ಮಾ ಅಂದೆ. ಭಾಳ ಹೊತ್ತಾದ್ರೂ ಅವರು ಏಳಲಿಲ್ಲ. ಬಸ್ಸಿನ ವ್ಯಾಳ್ಯಾ ಆತು. ಹೊಸ್ತಿಲ ಮ್ಯಾಲ ಇಟ್ಟು ಬಂದ್ವಿ."

ಜವಾನ ಮಾತ್ರ ಕೈಗೇ ಮುಟ್ಟಿಸಿದೆನೆಂದು ಬರೆದುಕೊಟ್ಟಿದ್ದ. ಸರಕಾರಿ ವಕೀಲರು ಹಣೆ ಒತ್ತಿಕೊಂಡರು. ವಿಚಾರಣೆಗೆ ಬಾರದ ಗುತ್ತಿಗೆದಾರ ಕೋರ್ಟಿಗೆ ತಪ್ಪದೆ ಬಂದಿದ್ದ. ಹಣೆ ತುಂಬ ವಿಭೂತಿ ಧರಿಸಿ, ಅಪ್ಪನ ಕಡೆ ನೋಡಿ ಕೈಮುಗಿದ. ಅಪ್ಪನೂ ಮುಗಿದ. ನನ್ನ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದ ಮೇಲೆ ಸರಕಾರಿ ವಕೀಲರು ಹೇಳಿದರು, "ಮುಂದಿನ ತಾರೀಖಿಗೆ ಹುಕುಂ ಆಗತೈತಿ. ವಜಾ ಆತಂತನ ತಿಳೀರಿ. ಸಮನ್ಸ್ ಕೈಗೆ ಮುಟ್ಟಿಲ್ಲಂದ ಮ್ಯಾಲ ಬರಲಿಲ್ಲಂತ ಅವನ್ನ ಹೆಂಗ ಹಿಡಿಯೂದು?"

"ಹೊಸಾ ಸಮನ್ಸ್ ಕೊಟ್ರ?" ಎಂದೆ.

"ಯಾರ ಕೊಡಬೇಕು? ಸಮನ್ಸ್ ಕಳಿಸಿದ ಸಾಹೇಬ್ರಿಗೆ ವರ್ಗಾ ಆತು. ಹೊಸಬರಿಗೆ ಈ ಗೊಡವಿ ಬ್ಯಾಡಾಗೇತಿ."

ಬಸ್ಸಿನಲ್ಲಿ ನಾನು ಅಪ್ಪನನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಹೂಂ, ಕೈಯಲ್ಲೇ ಕೊಟ್ಟೆ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಮನೆಯಲ್ಲಿ ಅವ್ವ ಎಲ್ಲ ಕೇಳಿಸಿಕೊಂಡಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಪೂಜಾದಾಗ ಇದ್ದವರನ್ನ ಎಬ್ಬಸೂದು ಹೆಂಗ? ನೀನ ಹೇಳು," ಎಂದ ಅಪ್ಪ.

"ಮಗನ ಸುದ್ದಿ ತಂದಾಗ ನೀವೂ ಪೂಜಾದಾಗ ಇದ್ರಿ," ಎಂದಳು ಅವ್ವ. "ನಿಮ್ಮ ಕೈಯಾಗೂ ಲಿಂಗ ಇತ್ತು. ಆ ಗುತ್ತಿಗೆದಾರನ ಆಳು ಬಾಗಿಲದಾಗ ನಿಂತು ಒದರಿ ಹೇಳಿ ಹೋದ. ಪೂಜಿ ಮುಗೀಲಿ ಅಂತ ಅವರೇನ ತಡದ್ರು?"

ಮುಂದಿನ ತಾರೀಖಿಗೆ ನಾವು ಯಾರೂ ಹೋಗಲಿಲ್ಲ. ಮರುದಿನ ಮುಂಜಾನೆ ಅಪ್ಪ ಎಂದಿನಂತೆ ಜಳಕ ಮಾಡಿ ಮಣೆಯ ಮೇಲೆ ಕುಳಿತು ಲಿಂಗವನ್ನು ಅಂಗೈಗೆ ತೆಗೆದುಕೊಂಡ. ದೃಷ್ಟಿ ಅದರ ಮೇಲೆ ನಿಲ್ಲಲಿಲ್ಲ. ಬಾಗಿಲನ್ನೇ ನೋಡುತ್ತ ಕುಳಿತಿದ್ದ.