ಭಜನೆ ಕಟ್ ಮಾಡಿದವರು ಯಾರು?

"ಸರ್ವರ್ ಆಫ್ ಮಾಡಿ ಆನ್ ಮಾಡು!" ಅಂತ ಬಾಸ್ ಜಯೇಶ್‌ಭಾಯಿ ಇವತ್ತು ಸಂಜೆ ನನ್ನ ಮೇಲೆ ಕೂಗಾಡಿದರು, ಗೆಳೆಯರೇ. ಮಣಿನಗರದ ದೇವಸ್ಥಾನದ ಭಜನೆಯನ್ನು ನಾವು ಇಂಟರ್ನೆಟ್ಟಿನಲ್ಲಿ ಲೈವ್ ಬಿಡುತ್ತಿದ್ದೆವು. ವಡೋದರಾದ ಮನೆಯಲ್ಲಿ ಕೇಳುತ್ತಿದ್ದ ಅವರ ಅಮ್ಮನಿಗೆ ಅದು ಪದೇಪದೇ ನಿಂತುಹೋಗುತ್ತಿತ್ತಂತೆ.

ಸರ್ವರ್ ಆಫ್ ಮಾಡಿದರೆ ಲಂಡನ್ನಿನಲ್ಲಿ ಕೇಳುತ್ತಿದ್ದವರಿಗೂ ಭಜನೆ ನಿಲ್ಲುತ್ತದೆ. ಸರ್ವರ್ ತಾನೇ ಬರೆದಿಡುವ ದಾಖಲೆಯನ್ನು, ಅಂದರೆ ಲಾಗ್ ಓದಿ, ಕೇಳುಗರಲ್ಲಿ ಯಾರು ಬಂದರು, ಯಾರು ಹೋದರು ಅಂತ ಆಗಿಂದಾಗಲೇ ತೋರಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬೆಳಿಗ್ಗೆಯಷ್ಟೇ ಬರೆದಿದ್ದೆ. ಅದನ್ನು ಓಡಿಸಿದೆ. ಎಲ್ಲರೂ ಆರಾಮಾಗಿದ್ದಾರೆ, ವಡೋದರಾದವರೊಬ್ಬರು ಮಾತ್ರ ಬರುತ್ತಾರೆ, ಹೋಗುತ್ತಾರೆ.

ಜಯೇಶ್‌ಭಾಯಿ ಮತ್ತೆ ಮನೆಗೆ ಫೋನ್ ಹಚ್ಚಿದರು. "ಬಾ, ಈಗ ಬರ್ತಿದೆಯಾ?" ಗುಜರಾತಿಯಲ್ಲಿ ಬಾ ಅಂದರೆ ಅಮ್ಮ. ಅವರು ಬಾ ಅಂದದ್ದೇ ತಡ, ನನ್ನ ಸ್ಕ್ರೀನಿನಿಂದ ಅಮ್ಮ ಹೋದರು!

"ಜಯೇಶ್‌ಭಾಯಿ, ಮನೇಲಿ ಫೋನಿಗೂ ನೆಟ್ಟಿಗೂ ಒಂದೇ ಲೈನಾ?"

"ಹೌದು."

"ನೀವು ಫೋನ್ ಮಾಡಿದಾಗಲೆಲ್ಲ ನೆಟ್ ಕಟ್ ಆಗ್ತಿದೆ."

ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟರು. ಮತ್ತೆ ಬಂದ ಅಮ್ಮ ಆರತಿ ಮುಗಿಯುವವರೆಗೂ ಅಲುಗಲಿಲ್ಲ. ಮಗರಾಯರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಸ್ಕ್ರೀನಿನ ಮೇಲೆ ಅಮ್ಮನ ಆ ಒಂದು ಸಾಲನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ಕೂತರು.

ಅಷ್ಟೊಂದು ಭಕ್ತಿಯಿಂದ ಲಾಗ್ ಓದಿದವರನ್ನು ನಾನಂತೂ ಕಂಡಿಲ್ಲ.