ತಕ್ಕಡಿಯಲ್ಲಿ ಮೊದಲು ನನ್ನ ಮಗಳು

“ಬ್ಯಾಡ್ರಿ ಅಕ್ಕೋರೆ, ತೂಗಿದ್ರ ಕೂಸಿಗಿ ದೃಷ್ಟಿ ಆಗ್ತದ” ಎಂದು ಒಬ್ಬ ತಾಯಿ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎಂಬತ್ತರ ದಶಕದಲ್ಲಿ ಭೀಮಾ ಪ್ರವಾಹಕ್ಕೆ ಮನೆ ಕಳೆದುಕೊಂಡವರು ಅಫಜಲಪುರದ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಅಂಗನವಾಡಿ ಕಾರ್ಯಕರ್ತೆಯಾಗಿದ್ದ ನಾನು ಅಲ್ಲಿನ ಮಕ್ಕಳ ತೂಕ ನೋಡಲು ಹೋಗಿದ್ದೆ. ಒತ್ತಾಯಿಸದೆ, ಒಂದು ವರ್ಷದ ನನ್ನ ಮಗಳನ್ನೇ ಮೊದಲು ತಕ್ಕಡಿಯ ಚೀಲದಲ್ಲಿ ಕೂರಿಸಿದೆ. ಒಂಬತ್ತು ಕಿಲೋ ತೋರಿಸಿತು. ಆಮೇಲೆ ಆಕೆಯೂ ಮಗನನ್ನು ಕೂರಿಸಿದಳು. ಅವನೂ ಅಷ್ಟೇ ತೂಗಿದ.

“ಇವಗ ಮೂರು ವರ್ಷ ತುಂಬ್ಯಾವ್ರಿ. ಮನ್ಯಾಗಿನ ಜ್ವಾಳೆಲ್ಲಾ ಹೊಳಿ ಒಯ್ತು, ಏನ್ ಉಣಸ್ಲಿ?” ಎಂದು ಅತ್ತಳು.

ಮರುದಿನದಿಂದ ಆಕೆ ದಿನಾ ಅವನನ್ನು ಅಂಗನವಾಡಿಗೆ ಕರೆತಂದು ಅಲ್ಲಿನ ಊಟ ಉಣಿಸಿದಳು. ಎರಡು ತಿಂಗಳಲ್ಲಿ ಅವನು ನನ್ನ ಮಗಳ ಕೈಹಿಡಿದು ನಡೆಸುತ್ತಿದ್ದ.

ಅಲ್ಲಿಯವರೆಗೆ, ಮಗು ಸೊರಗಿದ್ದರೆ ನಾನು ತಾಯಿಯನ್ನು ಗದರಿಸುತ್ತಿದ್ದೆ. ಆಕೆ ಅತ್ತ ಮೇಲೆ ಮತ್ತೆಂದೂ ಯಾರನ್ನೂ ಗದರಿಸಲಿಲ್ಲ.