ರೆಂಡರ್ ಅಂದರೆ ಬೆಳ್ಳಗೆ ಮಾಡುವುದಲ್ಲ

ನಂಜನಗೂಡಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ನಾಲ್ಕು ವರ್ಷ ಡಿಸೈನರ್ ಆಗಿದ್ದೆ. ದಿನಾ ಕಳಲೆಯಿಂದ ಬಸ್ಸಲ್ಲಿ ಬಂದು ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಮಾಡಿಕೊಡುವ ಕೆಲಸ. ಚಿತ್ರ ಬರೆಯುವುದು ನನ್ನ ಸ್ವಂತ ಹುಚ್ಚು. ಕಂಪ್ಯೂಟರಿಗೆ ಜೋಡಿಸಿ ಬರೆಯುವ ಪೆನ್ ಟ್ಯಾಬ್ಲೆಟ್ ಇಟ್ಟುಕೊಂಡು, ವಿಡಿಯೋ ನೋಡಿ ನೋಡಿ ಕಲಿತಿದ್ದೆ.

ಆ ವಿಡಿಯೋಗಳಲ್ಲಿ ಪದೇ ಪದೇ ಬರುತ್ತಿದ್ದ ಮಾತು ‘ರೆಂಡರ್’. ಮೊದಲು ಗೆರೆ, ಆಮೇಲೆ ಚಪ್ಪಟೆ ಬಣ್ಣ, ಕೊನೆಗೆ ರೆಂಡರ್. ಬಣ್ಣವನ್ನು ನುಣ್ಣಗೆ ಉಜ್ಜುವುದೇ ಅದು ಎಂದು ತಿಳಿದು ಅಮ್ಮನ ಮುಖ ಬರೆದೆ. ಬಲೂನಿಗೆ ಕುಂಕುಮ ಇಟ್ಟ ಹಾಗೆ ಬಂತು. ಒಂದು ಭಾನುವಾರ ಮೇಜಿನ ಮೇಲಿದ್ದ ರಸಬಾಳೆಯನ್ನು ನೋಡಿ ಬರೆಯುವಾಗ ವಿಷಯ ತಲೆಗೆ ಹೋಯಿತು. ಹಣ್ಣಿನ ಒಂದು ಮಗ್ಗುಲು ಕಿಟಕಿಯ ಕಡೆಗಿತ್ತು. ಏಣು ದಾಟಿದ ಕೂಡಲೇ ಅದೇ ಹಳದಿ ಮಂಕಾಗುತ್ತಿತ್ತು. ಬೆಳಕು ಎಲ್ಲಿಂದ ಬೀಳುತ್ತಿದೆ, ವಸ್ತು ಎಲ್ಲಿ ತಿರುಗುತ್ತಿದೆ ಎಂದು ಕಂಡುಕೊಂಡು ಅದರಂತೆ ಬೆಳಕು ನೆರಳು ತುಂಬುವುದೇ ರೆಂಡರ್. ಉಜ್ಜುವುದಲ್ಲ.

ಹೆಮ್ಮಿಗೆಯ ಹೆಂಗಸರ ಹಾಲಿನ ಸಂಘದವರು ತಮ್ಮ ಕಾರ್ಯದರ್ಶಿ ನಿವೃತ್ತಿಯಾಗುತ್ತಾರೆಂದು ಅವರದೊಂದು ಚಿತ್ರ ಬೇಕೆಂದರು. ಫೋಟೋ ಬೇಡ, ಕೈಯಲ್ಲೇ ಬರೆದದ್ದು ಬೇಕು ಎಂದು ಒತ್ತಿ ಹೇಳಿದ್ದರು. ನಾನು ಹೆಮ್ಮಿಗೆಗೆ ಹೋಗಿ, ಡೈರಿಯ ಕಿಟಕಿಯ ಪಕ್ಕ ಆಕೆಯನ್ನು ಕೂರಿಸಿ ಒಂದು ಬೆಳಿಗ್ಗೆಯೆಲ್ಲ ನೋಡಿ ಬಂದೆ. ಎಣ್ಣೆಗಪ್ಪು ಬಣ್ಣ, ಕೆನ್ನೆಯಲ್ಲಿ ಹಳೇ ಗಾಯದ ಗುಳಿ, ಬಾಯಿಯ ಎರಡೂ ಕಡೆ ಆಳದ ಗೆರೆ.

ಮೂರನೆಯ ದಿನಕ್ಕೆ ಮಾಲೀಕರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಇನ್ನೂ ಎಷ್ಟ್ ದಿನ ಕಣಮ್ಮ?”

“ರೆಂಡರ್ ಒಂದು ಬಾಕಿ ಇದೆ ಸಾರ್.”

“ಅದೇನ್ ಮಹಾ. ನಮ್ಮನೆ ಪ್ಲಾನ್ ಮಾಡಿದ ಇಂಜಿನಿಯರ್ ರೆಂಡರ್‌ಗೆ ಹಾಕ್ಬುಟ್ಟು ಟೀ ಕುಡಿಯಕ್ ಹೋದ. ಬರೋ ಹೊತ್ಗೆ ಆಗಿತ್ತು.”

“ಅದು ಬೇರೆ ಸಾರ್. ಮನೆ ಅಳತೆ, ಬೆಳಕು ಎಲ್ಲಾ ಕೊಟ್ಮೇಲೆ ಕಂಪ್ಯೂಟರೇ ಚಿತ್ರ ಮಾಡ್ಕೊಡುತ್ತೆ. ಇಲ್ಲಿ ಒಂದೊಂದು ನೆರಳೂ ನಾನೇ ನೋಡಿ ಹಾಕ್ಬೇಕು.”

“ಹೆಸರು ಒಂದೇ ತಾನೆ?” ಎಂದು ನಕ್ಕು ಹೋದರು.

ಶುಕ್ರವಾರ ಸಂಜೆ ಫೈಲ್ ಕೊಟ್ಟು ಮನೆಗೆ ಹೋದೆ. ಭಾನುವಾರ ಹೆಮ್ಮಿಗೆಯ ಡೈರಿಯಲ್ಲಿ ಸಮಾರಂಭ. ಚಿತ್ರದ ಮೇಲಿನ ಬಟ್ಟೆ ತೆಗೆದರು. ಮಾಲೀಕರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಚಿತ್ರವನ್ನು ಫೋನಿನ ಯಾವುದೋ ಆ್ಯಪಿಗೆ ಹಾಕಿ ಪ್ರಿಂಟ್ ಮಾಡಿಸಿದ್ದರು. ಗುಳಿ ಇಲ್ಲ, ಗೆರೆ ಇಲ್ಲ. ಗೋಧಿಹಿಟ್ಟಿನ ಬಣ್ಣದ ಮೂವತ್ತರ ಹೆಂಗಸೊಬ್ಬಳು ಫ್ರೇಮಿನಿಂದ ನೋಡುತ್ತಿದ್ದಳು. ಮೂಲೆಯಲ್ಲಿ ನನ್ನ ಸಹಿ ಮಾತ್ರ ಹಾಗೇ ಇತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಹತ್ತಿರ ಹೋಗಿ ನೋಡಿ, ನನ್ನ ಕಡೆ ತಿರುಗಿದರು. “ಚೆಂದಾಗದೆ ಕಣವ್ವ. ನಾನೆಲ್ಲಿವ್ನಿ ಇದ್ರಲ್ಲಿ?”

ಸಮಾರಂಭ ಮುಗಿದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು, “ದೊಡ್ಡವ್ವ, ಇದು ನಾನು ಬರ್ದಿದ್ದಲ್ಲ” ಎಂದು ಫೋನಿನಲ್ಲಿ ನನ್ನ ಚಿತ್ರ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದರು. ಮೆಚ್ಚುತ್ತಾರೆಂದುಕೊಂಡಿದ್ದೆ.

“ಈ ಕಡೆ ಕೆನ್ನೆಗೆ ಇಷ್ಟೊಂದು ಕಪ್ಪು ಯಾಕವ್ವ ಬಳ್ದಿದ್ದೀಯ?”

ಆಕೆಯನ್ನು ಕಿಟಕಿಯ ಬಳಿ ಕರೆದೊಯ್ದು ಕೈ ಚಾಚಿಸಿದೆ. ಮುಂಗೈಯ ಒಂದು ಕಡೆ ಬಿಸಿಲಿಗೆ ಮಿನುಗಿತು, ಇನ್ನೊಂದು ಕಡೆ ಕಪ್ಪಿಟ್ಟಿತು. ಆಕೆ ಕೈಯನ್ನು ನಿಧಾನವಾಗಿ ತಿರುಗಿಸಿದರು. ಕಪ್ಪಿದ್ದದ್ದು ಬೆಳಗಿತು.

“ಅಂಗಾರೆ ಇದು ಕಪ್ಪಲ್ಲ. ನೆಳ್ಳು” ಎಂದರು. ನನಗೆ ತಿಂಗಳುಗಟ್ಟಲೆ ಹಿಡಿದದ್ದು ಆಕೆಗೆ ಒಂದು ಗಳಿಗೆಯಲ್ಲಿ ಅರ್ಥವಾಗಿತ್ತು.

ಸೋಮವಾರ, ಚಿತ್ರವನ್ನು ಯಾಕೆ ಬದಲಿಸಿದಿರಿ ಎಂದು ಮಾಲೀಕರನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ.

“ಯಾರ್ ಬಂದ್ರೂ ಬೆಳ್ಳಗೆ ಮಾಡಿ ಅಂತಾನೆ ಕೇಳೋದು. ನಾನೂ ರೆಂಡರ್ ಮಾಡ್ದೆ, ಅಷ್ಟೆ.”

“ಆ ಮುಖ ನೋಡದೆ ಮಾಡಿದ್ದು ರೆಂಡರ್ ಅಲ್ಲ ಸಾರ್. ಅಳಿಸಿದ್ದು. ಅದರ ಕೆಳಗೆ ನನ್ನ ಸಹಿ ಯಾಕೆ ಬಿಟ್ರಿ?”

“ಸಹಿ ಬೇಡ ಅಂದ್ರೆ ಅದ್ನೂ ಅಳಿಸ್ತೀನಿ ಬಿಡಮ್ಮ.”

ತಿಂಗಳು ತುಂಬುವವರೆಗೆ ಇದ್ದು ಆ ಕೆಲಸ ಬಿಟ್ಟೆ. ನನ್ನ ಚಿತ್ರವನ್ನು ತಿ. ನರಸೀಪುರದಲ್ಲಿ ಪ್ರಿಂಟ್ ಮಾಡಿಸಿ ನಾನೇ ಹೆಮ್ಮಿಗೆಗೆ ತಲುಪಿಸಿದೆ. ಸಂಘದವರು ಅದನ್ನು ಹಾಲು ಅಳೆಯುವ ಕೋಣೆಯಲ್ಲಿ ಹಾಕಿದ್ದಾರೆ. ಬೆಳ್ಳಗಿನದನ್ನು ಆಕೆಯ ಸೊಸೆ ಮನೆಯ ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿದ್ದಾಳೆ. ನೆನೆದಾಗೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.